ಹಡಗಿನಿಂದ ಇಳಿಯುವ ಮುನ್ನವೇ ಮುಂದಿನ ಕ್ರೂಸ್ ಕಾಯ್ದಿರಿಸುವುದು: ಲಾಭವೆಷ್ಟು, ತೊಡಕೆಷ್ಟು?

ಹೇಮಾವತಿತೀರ

ಎಲ್ಲರಿಗೂ ನಮಸ್ಕಾರ. ಇದನ್ನು ಹಡಗಿನ ಮೇಲೆ ಕುಳಿತೇ ಬರೆಯುತ್ತಿದ್ದೇನೆ. ಅಮೆರಿಕದ ಗ್ಯಾಲ್ವೆಸ್ಟನ್ ಬಂದರಿನಿಂದ ಹೊರಟು ಕೆರಿಬಿಯನ್ ಕಡಲಿನ ರೊವಾಟಾನ್, ಕೋಸ್ಟಾ ಮಾಯಾ, ಕೊಸುಮೆಲ್ ಮುಟ್ಟಿ ಮರಳುವ 7 ರಾತ್ರಿಗಳ ಪ್ರವಾಸದಲ್ಲಿ ಇಂದು ನಾಲ್ಕನೆಯ ದಿನ. ಹಾಸನದಿಂದ ಬಂದಿರುವ ಅಪ್ಪ ಅಮ್ಮ, ನಾನು, ನನ್ನ ಮಡದಿ, ಒಂಬತ್ತು ವರ್ಷದ ಮಗಳು, ಹೀಗೆ ಐದು ಜನ ಎರಡು ಕ್ಯಾಬಿನ್‌ಗಳಲ್ಲಿದ್ದೇವೆ. ನಲವತ್ತು ವರ್ಷ ಬೆಳಗಿನ ಐದಕ್ಕೆ ಎದ್ದು ತೋಟಕ್ಕೆ ಹೋಗಿ ಅಭ್ಯಾಸವಾದ ಅಪ್ಪ ಇಲ್ಲಿಯೂ ಐದಕ್ಕೇ ಎದ್ದು, ಕಾಫಿ ಲೋಟ ಹಿಡಿದು ಬಾಲ್ಕನಿಯಲ್ಲಿ ಕುಳಿತರೆ ಎಂಟರವರೆಗೆ ಅಲುಗಾಡುವುದಿಲ್ಲ. ಅವರನ್ನು ಇಷ್ಟು ನಿರಾಳವಾಗಿ ನಾನು ಕಂಡದ್ದು ಕಡಿಮೆ. ನನ್ನ ಪ್ರಶ್ನೆ ಹುಟ್ಟಿದ್ದು ಅಲ್ಲಿಂದಲೇ.

ಐದನೆಯ ಡೆಕ್ಕಿನಲ್ಲಿ ಮುಂದಿನ ಪ್ರವಾಸಗಳನ್ನು ಕಾಯ್ದಿರಿಸುವ ಕೌಂಟರ್ ಒಂದಿದೆ. ನಿನ್ನೆ ಸುಮ್ಮನೆ ವಿಚಾರಿಸಲು ಹೋದವನಿಗೆ ಅಲ್ಲಿದ್ದ ಹೆಣ್ಣುಮಗಳು ಬರುವ ವರ್ಷ ಜೂನ್ ತಿಂಗಳಲ್ಲಿ ಸಿಯಾಟಲ್‌ನಿಂದ ಹೊರಡುವ 7 ರಾತ್ರಿಗಳ ಅಲಾಸ್ಕಾ ಪ್ರವಾಸದ ಬೆಲೆಯನ್ನು ಬರೆದುಕೊಟ್ಟಿದ್ದಾರೆ. ತಲಾ 250 ಡಾಲರಿನಂತೆ ಐವರಿಗೆ 1,250 ಡಾಲರ್ ಮುಂಗಡ ಕಟ್ಟಬೇಕು. ಹಡಗಿನಲ್ಲಿದ್ದಾಗಲೇ ಕಟ್ಟಿದರೆ ಕ್ಯಾಬಿನ್ನಿಗೆ 100 ಡಾಲರಿನಂತೆ ಎರಡಕ್ಕೆ 200 ಡಾಲರ್ ಆನ್‌ಬೋರ್ಡ್ ಕ್ರೆಡಿಟ್, ಅಂದರೆ ಹಡಗಿನೊಳಗಿನ ಖರ್ಚಿಗೆ ಜಮಾ ಆಗುವ ಹಣ, ಸಿಗುತ್ತದೆ. ಇಳಿದ ಮೇಲೆ ಈ ಅನುಕೂಲ ಇರುವುದಿಲ್ಲ ಎಂದು ಎರಡು ಸಲ ಹೇಳಿದರು. ಮುಂಗಡ ಮರಳಿ ಸಿಗದ ದರವನ್ನು ಆರಿಸಿಕೊಂಡರೆ ಎರಡೂ ಕ್ಯಾಬಿನ್ ಸೇರಿ ಇನ್ನೂ 460 ಡಾಲರ್ ಕಡಿಮೆಯಂತೆ.

ಕಂಪನಿಯ ಹೆಸರು ಇಲ್ಲಿ ಮುಖ್ಯವಲ್ಲ, ಏಕೆಂದರೆ ಈ ಏರ್ಪಾಡು ಹೆಚ್ಚುಕಡಿಮೆ ಎಲ್ಲರಲ್ಲೂ ಇದ್ದಂತಿದೆ. ಅನುಭವವಿದ್ದವರು ಹೇಳಬೇಕು: ಹಡಗಿನಲ್ಲಿ ಕೊಡುವ ದರ ನಿಜಕ್ಕೂ ಕಡಿಮೆಯೇ, ಅಥವಾ ಮನೆಗೆ ಹೋಗಿ ನಿಧಾನವಾಗಿ ಯೋಚಿಸಿದರೆ ಕಳೆದುಕೊಳ್ಳುವಂಥದ್ದು ಏನೂ ಇಲ್ಲವೇ? ನನಗೆ ಇನ್ನು ಮೂರು ದಿನ ಸಮಯವಿದೆ.

ಪಣಂಬೂರಿನವ

ನಾನು ಒಂಬತ್ತು ವರ್ಷ ಕ್ರೂಸ್ ಹಡಗುಗಳಲ್ಲಿ ದುಡಿದು ಈಗ ಊರಿನಲ್ಲಿ ನೆಲೆಸಿರುವವನು. ಅದರಲ್ಲಿ ನಾಲ್ಕು ವರ್ಷ ಪ್ರಯಾಣಿಕರ ವಿಚಾರಣೆಯ ಕೌಂಟರ್‌ನಲ್ಲಿ ನಿಂತಿದ್ದೆ, ನೀವು ಹೇಳಿದ ಕೌಂಟರ್ ನಮ್ಮ ಎಡಮಗ್ಗುಲಿಗೇ ಇರುತ್ತಿತ್ತು. ಆದ್ದರಿಂದ ಒಳಗಿನ ಕೆಲವು ಸಂಗತಿಗಳನ್ನು ಹೇಳಬಲ್ಲೆ.

ಮೊದಲನೆಯದಾಗಿ, ಅಲ್ಲಿ ಕುಳಿತವರು ಮಾರಾಟ ವಿಭಾಗದವರು. ಅವರಿಗೆ ಪ್ರತಿ ಪ್ರವಾಸಕ್ಕೂ ಗುರಿಯಿರುತ್ತದೆ ಮತ್ತು ಕಮಿಷನ್ ಇರುತ್ತದೆ. ಇದನ್ನು ದೂರಾಗಿ ಹೇಳುತ್ತಿಲ್ಲ, ಅವರಲ್ಲಿ ಬಹುಪಾಲು ಜನ ತಮ್ಮ ಕೆಲಸ ಚೆನ್ನಾಗಿ ಬಲ್ಲವರು ಮತ್ತು ಕೇಳಿದ್ದಕ್ಕೆ ನೇರವಾಗಿ ಉತ್ತರಿಸುವವರು. ಆದರೆ ಕೇಳದೆ ಇದ್ದದ್ದನ್ನು ತಾವಾಗಿ ಹೇಳುವ ಬಿಡುವು ಅವರಿಗಿರುವುದಿಲ್ಲ. ಕಂಪನಿಗೆ ಇದರಿಂದಾಗುವ ಲಾಭವೂ ಸ್ಪಷ್ಟವಾಗಿದೆ. ಒಂದು ವರ್ಷ ಮೊದಲೇ ಕ್ಯಾಬಿನ್ ತುಂಬುತ್ತದೆ, ಜಾಹೀರಾತಿನ ಖರ್ಚು ಉಳಿಯುತ್ತದೆ, ಮತ್ತು ಪ್ರಯಾಣಿಕ ಹಡಗಿನಲ್ಲಿ ಇರುವಷ್ಟು ಹೊತ್ತು ಇರುವ ಉತ್ಸಾಹ ಮನೆಗೆ ಹೋಗಿ ಬಟ್ಟೆ ಒಗೆಯುವಾಗ ಇರುವುದಿಲ್ಲ. ಹೋಳಿಗೆ ಊಟ ಮುಗಿಸಿ ಎಲೆಯ ಮುಂದೆ ಕುಳಿತವನ ಕೈಗೆ ಮುಂದಿನ ಮದುವೆಯ ಕರೆಯೋಲೆ ಕೊಟ್ಟಂತೆ ಇದು.

ಎರಡನೆಯದು, ಪ್ರವಾಸದ ಮೂಲ ದರ. ಸಾಮಾನ್ಯವಾಗಿ ಅದೇ ದಿನ ಅದೇ ಕಂಪನಿಯ ಜಾಲತಾಣದಲ್ಲಿ ಇರುವ ದರವೇ ಕೌಂಟರ್‌ನಲ್ಲೂ ಇರುತ್ತದೆ. ವ್ಯತ್ಯಾಸವಾಗುವುದು ಕ್ರೆಡಿಟ್‌ನಲ್ಲಿ ಮತ್ತು ಕೆಲವೊಮ್ಮೆ ಮುಂಗಡದ ಮೊತ್ತದಲ್ಲಿ. ಈ ಕ್ರೆಡಿಟ್ ಟಿಕೆಟ್ ಬೆಲೆಯಲ್ಲಿ ಕಳೆಯುವಂಥದ್ದಲ್ಲ. ಮುಂದಿನ ಪ್ರವಾಸದಲ್ಲಿ ಹಡಗಿನೊಳಗೆ ಮಾಡುವ ಖರ್ಚಿಗೆ ಮಾತ್ರ, ಮತ್ತು ಇಂಥ ಕ್ರೆಡಿಟ್ಟಿನಲ್ಲಿ ಖರ್ಚಾಗದೆ ಉಳಿದದ್ದು ಸಾಮಾನ್ಯವಾಗಿ ಕೈಗೆ ಬರುವುದಿಲ್ಲ. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಸಿಬ್ಬಂದಿಯ ಟಿಪ್ಸ್ ಒಂದೇ ದಿನಕ್ಕೆ ತಲಾ 18 ಡಾಲರಿನ ಆಸುಪಾಸಿನಲ್ಲಿದೆ. ಇಬ್ಬರಿಗೆ 7 ರಾತ್ರಿಗೆ ಲೆಕ್ಕ ಹಾಕಿದರೆ 250 ಡಾಲರ್ ಆಗುತ್ತದೆ. ಅಂದರೆ ಅವರು ಕೊಡುವ 100 ಡಾಲರ್ ಟಿಪ್ಸಿನ ಅರ್ಧಕ್ಕೂ ಸಾಲದು. ಬೇಡವೆನ್ನುವಷ್ಟು ಕಡಿಮೆಯಲ್ಲ, ಆತುರಪಡುವಷ್ಟು ಹೆಚ್ಚೂ ಅಲ್ಲ.

ಮೂರನೆಯದು, ಕಂಪನಿಯಿಂದ ಕಂಪನಿಗೆ ಏರ್ಪಾಡು ಬೇರೆ. ರಾಯಲ್ ಕೆರಿಬಿಯನ್‌ನಲ್ಲಿ ಈ ಕೌಂಟರಿಗೆ ನೆಕ್ಸ್ಟ್‌ಕ್ರೂಸ್ ಎಂದು ಹೆಸರು. ನಾರ್ವೇಜಿಯನ್‌ನಲ್ಲಿ ಕ್ರೂಸ್‌ನೆಕ್ಸ್ಟ್ ಎಂಬ ಪ್ರಮಾಣಪತ್ರ ಮಾರುತ್ತಾರೆ. ಕಟ್ಟಿದ ಹಣಕ್ಕಿಂತ ಹೆಚ್ಚಿನ ಮೊತ್ತವನ್ನು ಮುಂದಿನ ಪ್ರವಾಸಕ್ಕೆ ಜಮಾ ಮಾಡಿಕೊಳ್ಳುತ್ತಾರೆ, ಆದರೆ ಹಣ ವಾಪಸ್ ಎಂಬ ಮಾತು ಸಾಮಾನ್ಯವಾಗಿ ಇರುವುದಿಲ್ಲ. ಪ್ರಿನ್ಸೆಸ್ ಮತ್ತು ಹಾಲೆಂಡ್ ಅಮೆರಿಕಾ ಕಂಪನಿಗಳಲ್ಲಿ ದಿನಾಂಕ, ಹಡಗು ಯಾವುದನ್ನೂ ಹೇಳದೆ ಮುಂಗಡ ಮಾತ್ರ ಕಟ್ಟಿ ಬರುವ ಪದ್ಧತಿ ಬಹುಕಾಲದಿಂದ ಇದೆ. ಡಿಸ್ನಿಯಲ್ಲಿ ಹೀಗೆ ಜಾಗ ಹಿಡಿದಿಟ್ಟು ಬಂದವರಿಗೆ ಮುಂದಿನ ಪ್ರವಾಸದ ದರದಲ್ಲಿಯೇ ಶೇಕಡಾ 10 ರಿಯಾಯಿತಿ ಸಿಗುತ್ತದೆ, ಆದರೆ ಕೆಲವು ದಿನಾಂಕಗಳಿಗೆ ಅದು ನಡೆಯುವುದಿಲ್ಲ. ನನ್ನನ್ನು ಕೇಳಿದರೆ, ಲೆಕ್ಕದಲ್ಲಿ ಸ್ಪಷ್ಟವಾಗಿ ಲಾಭ ಕಾಣುವುದು ಈ ಕೊನೆಯದರಲ್ಲಿ ಮಾತ್ರ.

ಕೊನೆಯ ಕಡಲ ದಿನದಂದು ಆ ಕೌಂಟರಿಗೆ ಹೋಗಬೇಡಿ. ಅಂದು ಸರತಿಯ ಸಾಲು ಮೆಟ್ಟಿಲವರೆಗೂ ಬೆಳೆದಿರುತ್ತದೆ, ನಿಮ್ಮ ಹಿಂದೆ ನಿಂತವರ ಉಸಿರು ಕತ್ತಿಗೆ ತಾಗುತ್ತಿರುತ್ತದೆ, ಷರತ್ತು ಓದುವ ವ್ಯವಧಾನ ಯಾರಿಗೂ ಇರುವುದಿಲ್ಲ. ಹಡಗು ಕೊಸುಮೆಲ್‌ನಲ್ಲಿ ನಿಂತಿರುವಾಗ, ಜನರೆಲ್ಲ ದಡಕ್ಕೆ ಇಳಿದ ಮೇಲೆ ಹೋಗಿ ಕುಳಿತುಕೊಳ್ಳಿ.

ಸೋಮಾರಿಕಟ್ಟೆ

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದು ಎಂದರೆ ಇದೇ. ಇನ್ನೂ ಮೂರು ದಿನದ ಪ್ರವಾಸ ಬಾಕಿಯಿದೆ, ಅದನ್ನು ಅನುಭವಿಸುವುದನ್ನು ಬಿಟ್ಟು ಮುಂದಿನ ವರ್ಷದ ಲೆಕ್ಕ ಹಾಕುತ್ತಾ ಕುಳಿತಿದ್ದೀರಿ. ಜನವರಿಯಿಂದ ಮಾರ್ಚ್‌ವರೆಗೆ ಎಲ್ಲ ಕಂಪನಿಗಳೂ ಪೈಪೋಟಿಯ ಮೇಲೆ ರಿಯಾಯಿತಿ ಘೋಷಿಸುತ್ತವೆ. ಆಗ ಮನೆಯಲ್ಲಿ ಕುಳಿತು ನಾಲ್ಕು ಕಂಪನಿಗಳ ದರವನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಹಡಗಿನಲ್ಲಿ ನಿಮಗೆ ಕಾಣುವುದು ಒಂದೇ ಅಂಗಡಿ.

ಶರಾವತಿ_ಸಿಯಾಟಲ್

ಸೋಮಾರಿಕಟ್ಟೆಯವರ ಮಾತು ಕೆರಿಬಿಯನ್ ಪ್ರವಾಸಕ್ಕೆ ಸರಿ. ಅಲ್ಲಿ ವರ್ಷವಿಡೀ ಹಡಗುಗಳಿವೆ, ಕ್ಯಾಬಿನ್ ಉಳಿಯುತ್ತದೆ, ಬೆಲೆ ಇಳಿಯುತ್ತದೆ. ಅಲಾಸ್ಕಾದ ಮಾತು ಬೇರೆ. ಅಲ್ಲಿನ ಹಂಗಾಮು ಸುಮಾರಾಗಿ ಏಪ್ರಿಲ್ ಕೊನೆಯಿಂದ ಅಕ್ಟೋಬರ್ ಮೊದಲವರೆಗೆ ಮಾತ್ರ. ಗ್ಲೇಷಿಯರ್ ಬೇ ರಾಷ್ಟ್ರೀಯ ಉದ್ಯಾನದೊಳಕ್ಕೆ ದಿನಕ್ಕೆ ಎರಡು ದೊಡ್ಡ ಹಡಗುಗಳನ್ನಷ್ಟೇ ಬಿಡುತ್ತಾರೆ. ಜೂನೋ ಊರಿನವರು 2024ರಿಂದ ದಿನಕ್ಕೆ ಐದು ದೊಡ್ಡ ಹಡಗುಗಳ ಮಿತಿ ಹಾಕಿಕೊಂಡಿದ್ದಾರೆ. ಮಕ್ಕಳಿಗೆ ಶಾಲೆಯ ರಜೆಯಿರುವ ಜೂನ್, ಜುಲೈ ತಿಂಗಳಲ್ಲಿ ಒಂದೇ ಕಡೆ ಅಕ್ಕಪಕ್ಕದ ಎರಡು ಬಾಲ್ಕನಿ ಕ್ಯಾಬಿನ್ ಬೇಕೆಂದರೆ ಮೊದಲೇ ಹಿಡಿಯುವುದರಲ್ಲಿ ಅರ್ಥವಿದೆ. ಆದ್ದರಿಂದ ಹೇಮಾವತಿತೀರ ಅವರು ಆರಿಸಿಕೊಂಡ ಪ್ರವಾಸವನ್ನು ನಾನು ತಪ್ಪೆನ್ನಲಾರೆ.

ಆದರೆ ಕೌಂಟರ್‌ನವರು ನಿಮ್ಮ ಕೈಯಲ್ಲಿರುವ ಪಾಸ್‌ಪೋರ್ಟ್ ಯಾವುದೆಂದು ಕೇಳಿದರೇ? ಕೇಳಿರಲಾರರು. ಹೊರದೇಶದಲ್ಲಿ ನೋಂದಣಿಯಾದ ಹಡಗು ಅಮೆರಿಕದ ಬಂದರಿನಿಂದ ಹೊರಟು ಅಮೆರಿಕದ ಬಂದರುಗಳನ್ನಷ್ಟೇ ಸುತ್ತಿ ಮರಳುವಂತಿಲ್ಲ ಎಂಬುದು 1886ರ ಕಾನೂನು. ಸಿಯಾಟಲ್‌ನಿಂದ ಹೊರಡುವ ಅಲಾಸ್ಕಾ ಹಡಗುಗಳು ಕೊನೆಯ ಸಂಜೆ ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆ ನಿಲ್ಲುವುದು ಬಹುಮಟ್ಟಿಗೆ ಇದೇ ಕಾರಣಕ್ಕೆ. ಆ ಕೆಲವು ಗಂಟೆಗಾಗಿ ಭಾರತದ ಪಾಸ್‌ಪೋರ್ಟ್ ಇರುವ ನಿಮ್ಮ ತಂದೆ ತಾಯಿಗೆ ಕೆನಡಾ ವೀಸಾ ಬೇಕು. ನೀವು ಎಚ್-1ಬಿ ಕೆಲಸದ ವೀಸಾದಲ್ಲಿದ್ದರೆ ನಿಮಗೂ ಬೇಕು. ಗ್ರೀನ್ ಕಾರ್ಡ್ ಇದ್ದವರಿಗೆ ಬೇಡ. ಹಡಗಿನಿಂದ ಇಳಿಯುವುದಿಲ್ಲ, ಕ್ಯಾಬಿನ್‌ನಲ್ಲೇ ಮಲಗಿರುತ್ತೇವೆ ಎಂದರೂ ನಡೆಯುವುದಿಲ್ಲ. ಕಾಗದ ಇಲ್ಲದವರನ್ನು ಹತ್ತುವ ಬಂದರಿನಲ್ಲೇ ತಡೆಯುತ್ತಾರೆ, ಮತ್ತು ಹಾಗೆ ತಡೆದರೆ ಹಣ ಮರಳುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ನಿಮ್ಮ ಪಾಸ್‌ಪೋರ್ಟಿನಲ್ಲಿರುವ ಅಮೆರಿಕದ ವೀಸಾ ಮುದ್ರೆ ಪ್ರವಾಸದ ಹೊತ್ತಿಗೆ ಮುಗಿದಿರುತ್ತದೆಯೇ ನೋಡಿಕೊಳ್ಳಿ. ಐ-94, ಅಂದರೆ ಅಮೆರಿಕದಲ್ಲಿ ಎಲ್ಲಿಯವರೆಗೆ ಇರಬಹುದೆಂಬ ದಾಖಲೆ, ಚಾಲ್ತಿಯಲ್ಲಿದ್ದು, ಮುದ್ರೆಯ ಅವಧಿ ಮಾತ್ರ ಮುಗಿದಿದ್ದರೆ, ಕೆನಡಾ ಅಥವಾ ಮೆಕ್ಸಿಕೊಗೆ ಮಾತ್ರ ಹೋಗಿ 30 ದಿನದೊಳಗೆ ಮರಳುವವರಿಗೆ ಹೊಸ ಮುದ್ರೆಯಿಲ್ಲದೆ ಒಳಬರಲು ಅವಕಾಶವಿದೆ. ಎಚ್-1ಬಿಯವರಿಗೆ ಈ ಸೌಲಭ್ಯ ಕೆರಿಬಿಯನ್ ದ್ವೀಪಗಳಿಗೆ ಅನ್ವಯಿಸುವುದಿಲ್ಲ, ಹೊಂಡುರಾಸ್‌ಗೆ ಸೇರಿದ ನಿಮ್ಮ ಈ ರೊವಾಟಾನ್‌ಗೂ ಅನ್ವಯಿಸುವುದಿಲ್ಲ. ವರ್ಷ ಮುಂಚೆ ಟಿಕೆಟ್ ಮಾಡುವವರು ಇಂದಿನ ಮುದ್ರೆಯನ್ನು ನೋಡಿ ಮಾಡುತ್ತಾರೆ, ಪ್ರಯಾಣ ಮಾಡುವುದು ಮುಂದಿನ ವರ್ಷದ ಮುದ್ರೆಯ ಮೇಲೆ. ನಿಮ್ಮ ಕಚೇರಿಯ ವಕೀಲರನ್ನು ಒಮ್ಮೆ ಕೇಳಿಯೇ ಮುಂದುವರಿಯಿರಿ.

ಹೇಮಾವತಿತೀರ

ಶರಾವತಿ ಅವರೇ, ನೀವು ಬರೆದದ್ದನ್ನು ಓದಿ ನಿಜಕ್ಕೂ ಎದೆ ಧಸಕ್ಕೆಂದಿತು. ನನ್ನ ಮುದ್ರೆ ಬರುವ ಮಾರ್ಚ್‌ಗೆ ಮುಗಿಯುತ್ತದೆ. ಕೆನಡಾದ ವಿಚಾರವಂತೂ ಹೊಳೆದೇ ಇರಲಿಲ್ಲ. ಅಲಾಸ್ಕಾ ಅಮೆರಿಕದ್ದೇ ಅಲ್ಲವೇ ಎಂದುಕೊಂಡು ನಿಶ್ಚಿಂತನಾಗಿದ್ದೆ.

ಪಣಂಬೂರಿನವರು ಹೇಳಿದಂತೆ ಇಂದು ಹಡಗು ಬಂದರಿನಲ್ಲಿದ್ದಾಗ, ಮಡದಿ ಮಗಳು ದಡಕ್ಕೆ ಇಳಿದ ಮೇಲೆ, ಮತ್ತೆ ಕೌಂಟರಿಗೆ ಹೋದೆ. ಒಬ್ಬರೂ ಇರಲಿಲ್ಲ. ಮೊನ್ನೆ ಬರೆದುಕೊಟ್ಟ ಹಾಳೆಯನ್ನು ಮುಂದಿಟ್ಟು ಒಂದೊಂದೇ ಸಾಲನ್ನು ವಿವರಿಸಿ ಎಂದೆ. ಮೇಲ್ಭಾಗದಲ್ಲಿ ದಪ್ಪಕ್ಷರದಲ್ಲಿದ್ದ ಬೆಲೆ ಮರಳಿ ಸಿಗದ ಮುಂಗಡದ ದರದ್ದು. ಕೆಳಗೆ, ತೆರಿಗೆ ಮತ್ತು ಬಂದರು ಶುಲ್ಕದ ಸಾಲಿನ ನಂತರ, ಸಣ್ಣದಾಗಿ ದರದ ಹೆಸರಿನ ಮೂರು ಅಕ್ಷರಗಳಿದ್ದವು. ಆ ಮೂರು ಅಕ್ಷರಗಳ ಅರ್ಥ ಕೇಳಿದಾಗಲಷ್ಟೇ ತಿಳಿಯಿತು: ರದ್ದು ಮಾಡಿದರೆ ಮುಂಗಡ ಹೋಗುತ್ತದೆ, ದಿನಾಂಕ ಅಥವಾ ಹಡಗು ಬದಲಿಸಿದರೆ ತಲಾ 100 ಡಾಲರ್ ಶುಲ್ಕ. ಮರಳಿ ಸಿಗುವ ದರ ಬೇಕೆಂದಾಗ ಆಕೆ ಯಾವ ಬೇಸರವೂ ಇಲ್ಲದೆ ಇನ್ನೊಂದು ಹಾಳೆ ಮುದ್ರಿಸಿಕೊಟ್ಟರು. ಬಾಕಿ ಹಣವನ್ನು ಹೊರಡುವುದಕ್ಕೆ 90 ದಿನ ಮೊದಲು ಕಟ್ಟಬೇಕು. ಅಲ್ಲಿಯವರೆಗೆ ರದ್ದು ಮಾಡಿದರೆ 1,250 ಡಾಲರೂ ವಾಪಸ್.

ಅಂದರೆ ಈಗ ನನ್ನ ಮುಂದಿರುವುದು 460 ಡಾಲರ್ ಉಳಿಸುವ ಪ್ರಶ್ನೆಯಲ್ಲ, 1,250 ಡಾಲರನ್ನು ಪಣಕ್ಕಿಡಬೇಕೇ ಎಂಬ ಪ್ರಶ್ನೆ.

ಸುರಗಿಹೂ

ಆ ಮೂರು ಅಕ್ಷರಗಳ ಬೆಲೆ ನನಗೆ ಗೊತ್ತು. ಎರಡು ವರ್ಷದ ಹಿಂದೆ ನಾವು ನಾಲ್ವರು ಹೋಗಿದ್ದಾಗ ಕೊನೆಯ ರಾತ್ರಿ, ಪೆಟ್ಟಿಗೆಗಳನ್ನು ಕ್ಯಾಬಿನ್ ಬಾಗಿಲ ಹೊರಗೆ ಇಟ್ಟು ಊಟಕ್ಕೆ ಹೋಗುವ ದಾರಿಯಲ್ಲಿ, ಹತ್ತು ನಿಮಿಷದಲ್ಲಿ ಮುಂದಿನ ವರ್ಷದ 7 ರಾತ್ರಿಗಳ ಪ್ರವಾಸವನ್ನು ಕಾಯ್ದಿರಿಸಿದೆವು. ಕಡಿಮೆ ದರವೆಂದು ಸಂತೋಷಪಟ್ಟೆವೇ ಹೊರತು ಯಾವ ದರವೆಂದು ಕೇಳಲಿಲ್ಲ. ಆರು ತಿಂಗಳ ನಂತರ ನಮ್ಮ ಯಜಮಾನರು ಕೆಲಸ ಬದಲಿಸಿದರು, ಹೊಸ ಕಚೇರಿಯಲ್ಲಿ ಆ ವಾರ ರಜೆ ಸಿಗಲಿಲ್ಲ. ಫೋನ್ ಮಾಡಿ ದಿನಾಂಕ ಬದಲಿಸಿ ಎಂದರೆ ನಾಲ್ವರಿಗೆ 400 ಡಾಲರ್ ಶುಲ್ಕ ಹೇಳಿದರು. ಅದನ್ನು ಕಟ್ಟಿ 4 ರಾತ್ರಿಗಳ ಚಿಕ್ಕ ಪ್ರವಾಸಕ್ಕೆ ಬದಲಿಸಿಕೊಂಡೆವು. ಚಿಕ್ಕ ಪ್ರವಾಸಕ್ಕೆ ಆ ಕ್ರೆಡಿಟ್ ಅನ್ವಯಿಸುವುದಿಲ್ಲವೆಂದು ಅದನ್ನೂ ಕಿತ್ತುಕೊಂಡರು. ಯಾವ ಆಸೆಗೆ ಬಿದ್ದು ಹಡಗಿನಲ್ಲೇ ಕಾಯ್ದಿರಿಸಿದ್ದೆವೋ ಆ 100 ಡಾಲರ್ ಕೊನೆಗೂ ನಮ್ಮ ಕೈಗೆ ಹತ್ತಲಿಲ್ಲ.

ಕಂಪನಿಯನ್ನು ದೂರುವಂತಿಲ್ಲ, ಷರತ್ತಿನ ಪ್ರತಿಯ ಎರಡನೆಯ ಪುಟದಲ್ಲಿ ಎಲ್ಲವೂ ಇತ್ತು. ಆ ಪುಟವನ್ನು ನಾನು ಓದಿದ್ದು ಫೋನ್ ಕೆಳಗಿಟ್ಟ ಮೇಲೆ.

ಜಯನಗರ_ನಾಲ್ಕನೇಬ್ಲಾಕ್

ಇಷ್ಟು ಹೊತ್ತೂ ಪ್ರಯಾಣಿಕರು ಹೋಗಲಾಗದಿದ್ದರೆ ಏನು ಎಂಬ ಚರ್ಚೆ ನಡೆಯಿತು. ಹಡಗೇ ಇಲ್ಲವಾದರೆ ಏನು ಎಂಬುದನ್ನೂ ನೋಡಬೇಕು. ಮುಂಬೈಯಿಂದ ಜಲೇಶ್ ಕ್ರೂಸಸ್‌ನ ಕರ್ಣಿಕಾ ಹಡಗು 2019ರ ಏಪ್ರಿಲ್‌ನಲ್ಲಿ ಓಡಾಟ ಶುರುಮಾಡಿದಾಗ ಬೆಂಗಳೂರಿನಿಂದಲೂ ಜನ ಉತ್ಸಾಹದಿಂದ ಹೋಗಿಬಂದರು. ಕೋವಿಡ್ ಬಂತು, 2020ರ ಅಕ್ಟೋಬರ್‌ನಲ್ಲಿ ಕಂಪನಿ ಬಾಗಿಲು ಹಾಕಿತು, ಹಡಗು ಗುಜರಾತಿನ ಅಲಂಗ್‌ನಲ್ಲಿ ಒಡೆಯುವವರ ಪಾಲಾಯಿತು. ಇಟಲಿಯ ಹೆಸರಾಂತ ವಾಸ್ತುಶಿಲ್ಪಿ ರೆಂಜೊ ಪಿಯಾನೊ ಕೈಯಾಡಿಸಿದ, 1990ರಲ್ಲಿ ಕ್ರೌನ್ ಪ್ರಿನ್ಸೆಸ್ ಎಂಬ ಹೆಸರಿನಿಂದ ಓಡಾಟ ಶುರುಮಾಡಿದ ಹಡಗು ಅದು. ಅಂಥದ್ದು ಗುಜರಿಗೆ ಹೋಯಿತಲ್ಲ ಎಂದು ಇಂದಿಗೂ ಮರುಗುತ್ತೇನೆ. ಭಾರಿ ಶ್ರೀಮಂತರ ಹಡಗುಗಳೆನಿಸಿದ್ದ ಕ್ರಿಸ್ಟಲ್ ಕ್ರೂಸಸ್ ಕೂಡ ಅದರ ಒಡೆಯ ಕಂಪನಿಯಾದ ಗೆಂಟಿಂಗ್ ಹಾಂಗ್‌ಕಾಂಗ್ ಕುಸಿದಾಗ 2022ರ ಆರಂಭದಲ್ಲಿ ನಿಂತುಹೋಯಿತು, ಮುಂಗಡ ಕಟ್ಟಿದ್ದವರು ಹಣಕ್ಕಾಗಿ ಅರ್ಜಿ ಹಿಡಿದು ಕಾಯಬೇಕಾಯಿತು.

ಅಮೆರಿಕದ ಬಂದರಿನಿಂದ ಪ್ರಯಾಣಿಕರನ್ನು ಹತ್ತಿಸಿಕೊಳ್ಳುವ, 50 ಅಥವಾ ಅದಕ್ಕಿಂತ ಹೆಚ್ಚು ಜನರ ಹಡಗುಗಳ ಕಂಪನಿಗಳು ಪ್ರವಾಸ ನಡೆಯದಿದ್ದರೆ ಹಣ ಹಿಂದಿರುಗಿಸಲು ಫೆಡರಲ್ ಮ್ಯಾರಿಟೈಮ್ ಕಮಿಷನ್ ಎಂಬ ಸರ್ಕಾರಿ ಸಂಸ್ಥೆಯಲ್ಲಿ ಭದ್ರತೆ ಇಡಬೇಕಾಗುತ್ತದೆ. ಆದ್ದರಿಂದ ಅಲ್ಲಿರುವವರಿಗೆ ಸ್ವಲ್ಪ ಆಸರೆಯಿದೆ. ನಮ್ಮಂತೆ ಇಲ್ಲಿಂದ ಸಿಂಗಪುರಕ್ಕೆ ಹೋಗಿ ಹಡಗು ಹತ್ತುವವರಿಗೆ ಕ್ರೆಡಿಟ್ ಕಾರ್ಡ್ ಒಂದೇ ಆಸರೆ. ಹಡಗಿನ ಬಿಲ್ ಡಾಲರಿನಲ್ಲೇ ಆಗುವುದರಿಂದ ನಮ್ಮ ಅನೇಕ ಬ್ಯಾಂಕುಗಳ ಕಾರ್ಡಿನಲ್ಲಿ ಶೇಕಡಾ 3.5ರ ಆಸುಪಾಸಿನ ವಿದೇಶಿ ವಿನಿಮಯ ಶುಲ್ಕ, ಅದರ ಮೇಲೆ ಜಿಎಸ್‌ಟಿ ಸೇರಿಕೊಳ್ಳುತ್ತದೆ. ಮುಂಗಡ ಕಟ್ಟುವಾಗ ಒಮ್ಮೆ ಈ ಶುಲ್ಕ ತೆತ್ತು, ರದ್ದು ಮಾಡಿದಾಗ ಡಾಲರ್ ಪೂರ್ತಿ ಮರಳಿದರೂ ರೂಪಾಯಿ ಪೂರ್ತಿ ಮರಳುವುದಿಲ್ಲ.

ಒಂಟಿಪಯಣಿಗ

ಒಬ್ಬನೇ ಹೋಗುವವನಿಗೆ ಈ ಕ್ರೆಡಿಟ್ ಪೂರ್ತಿ ಸಿಗುತ್ತದೆಯೇ? ಒಂದೇ ಜೀವಕ್ಕೆ ಇಬ್ಬರ ದರ ಹಾಕುತ್ತಾರಲ್ಲ, ಅದಕ್ಕೆ ಕೇಳಿದೆ.

ಪಣಂಬೂರಿನವ

ಕ್ಯಾಬಿನ್ ಲೆಕ್ಕದಲ್ಲಿ ಕೊಡುವ ಕಂಪನಿಯಾದರೆ ಪೂರ್ತಿ, ತಲೆ ಲೆಕ್ಕದಲ್ಲಿ ಕೊಡುವ ಕಂಪನಿಯಾದರೆ ಸಾಮಾನ್ಯವಾಗಿ ಅರ್ಧ. ಕೌಂಟರ್‌ನಲ್ಲಿ ಈ ಒಂದು ಮಾತನ್ನು ಕೇಳಿ ಬರೆಸಿಕೊಳ್ಳಿ.

ಹೇಮಾವತಿತೀರ ಅವರೇ, ಎರಡು ಸಂಗತಿ ಹೇಳಲು ಮರೆತಿದ್ದೆ. ಈ ಪ್ರವಾಸವನ್ನು ನೀವು ಏಜೆಂಟರ ಮೂಲಕ ಮಾಡಿಸಿದ್ದರೆ ಕೌಂಟರ್‌ನಲ್ಲಿ ಅವರ ಹೆಸರು ಹೇಳಿ, ಹೊಸ ಬುಕಿಂಗ್‌ನಲ್ಲೂ ಅದೇ ಹೆಸರು ಮೂಡುವಂತೆ ನೋಡಿಕೊಳ್ಳಿ. ನಿಮಗೆ ಬರುವ ಕ್ರೆಡಿಟ್ ಕಡಿಮೆಯಾಗುವುದಿಲ್ಲ, ಏಜೆಂಟರ ಕಮಿಷನ್ ಅವರಿಗೆ ಹೋಗುತ್ತದೆ, ಮುಂದೆ ಬೆಲೆ ಇಳಿದಾಗ ಕಂಪನಿಗೆ ಫೋನ್ ಹಚ್ಚಿ ಅರ್ಧ ಗಂಟೆ ಸಂಗೀತ ಕೇಳುವ ಕೆಲಸವೂ ಅವರದಾಗುತ್ತದೆ. ಹೆಸರು ಹೇಳದೆ ಬಂದರೆ ಬುಕಿಂಗ್ ಕಂಪನಿಯ ನೇರ ಖಾತೆಗೆ ಸೇರುತ್ತದೆ. ನಂತರ ಏಜೆಂಟರಿಗೆ ವರ್ಗಾಯಿಸಲು ಕೆಲವೇ ದಿನಗಳ ಗಡುವು ಇರುತ್ತದೆ.

ಬೆಲೆ ಇಳಿಯುವ ಮಾತು ಬಂದದ್ದರಿಂದ ಹೇಳುತ್ತೇನೆ, ಅಮೆರಿಕದಲ್ಲಿ ಮಾಡಿದ ಬುಕಿಂಗ್‌ಗಳಲ್ಲಿ ಬಾಕಿ ಹಣ ಕಟ್ಟುವ ಕೊನೆಯ ದಿನದವರೆಗೆ ಅದೇ ಕ್ಯಾಬಿನ್ನಿನ ದರ ಇಳಿದರೆ ಹೊಸ ದರಕ್ಕೆ ಬದಲಿಸಿ ಎಂದು ಕೇಳಬಹುದು. ಸೋಮಾರಿಕಟ್ಟೆಯವರು ಹೇಳಿದ ಜನವರಿಯ ರಿಯಾಯಿತಿ ಹೀಗೆ ಮೊದಲೇ ಕಾಯ್ದಿರಿಸಿದವರ ಕೈಗೂ ಸಿಗುತ್ತದೆ. ಆದರೆ ಬದಲಿಸುವಾಗ ಹಳೆಯ ದರದ ಜೊತೆಗಿದ್ದ ಉಡುಗೊರೆಗಳು ಬಿದ್ದುಹೋಗಬಹುದು, ಆದ್ದರಿಂದ ಹೊಸ ಲೆಕ್ಕವನ್ನು ಪೂರ್ತಿ ಕೇಳಿ, ಆಮೇಲೆ ಒಪ್ಪಿಗೆ ಕೊಡಿ.

ಎರಡನೆಯದು, ನೀವು ಈಗ ಹಡಗಿನಲ್ಲೇ ಇದ್ದೀರಿ, ಇದು ಯಾವ ಕ್ರೆಡಿಟ್‌ಗಿಂತಲೂ ದೊಡ್ಡ ಅನುಕೂಲ. ಅಲಾಸ್ಕಾಕ್ಕೆ ಹೋಗುವುದು ಇದೇ ವರ್ಗದ ಹಡಗಾದರೆ ಡೆಕ್ ನಕ್ಷೆಯಲ್ಲಿ ನಿಮಗೆ ಕೊಡುತ್ತಿರುವ ಕ್ಯಾಬಿನ್ ಸಂಖ್ಯೆಯನ್ನು ನೋಡಿಕೊಂಡು ಅದೇ ಜಾಗಕ್ಕೆ ನಡೆದುಹೋಗಿ. ಲಿಫ್ಟ್‌ನಿಂದ ಬಾಗಿಲಿಗೆ ಎಷ್ಟು ಹೆಜ್ಜೆ ಎಂದು ಎಣಿಸಿ. ದೊಡ್ಡ ಹಡಗಿನಲ್ಲಿ ಆ ಓಣಿಗೆ ಕೊನೆಯೇ ಇಲ್ಲವೇನೋ ಅನಿಸುತ್ತದೆ, ಮಂಡಿನೋವಿನ ಹಿರಿಯರಿಗೆ ದಿನಕ್ಕೆ ಆರು ಸಲ ಅದೊಂದು ಶಿಕ್ಷೆ. ರಾತ್ರಿ ಹನ್ನೊಂದರ ಮೇಲೆ ಮತ್ತೊಮ್ಮೆ ಹೋಗಿ ಓಣಿಯಲ್ಲಿ ಎರಡು ನಿಮಿಷ ನಿಲ್ಲಿ. ಕೆಳಗಡೆ ನಾಟಕಶಾಲೆಯೋ ಕುಣಿತದ ಕೋಣೆಯೋ ಇದ್ದರೆ ಅಂಗಾಲಿಗೇ ತಿಳಿಯುತ್ತದೆ. ಮೇಲುಗಡೆ ಈಜುಕೊಳದ ಡೆಕ್ ಇದ್ದರೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದಿಗೆ ಎಚ್ಚರವಾಗುತ್ತದೆ. ಮೇಲೂ ಕೆಳಗೂ ಕ್ಯಾಬಿನ್‌ಗಳೇ ಇರುವ, ಹಡಗಿನ ನಡುಭಾಗದ ಡೆಕ್ ಆರಿಸಿ. ಅಲ್ಲಿ ಓಲಾಟವೂ ಕಡಿಮೆ.

ಸುರಗಿಹೂ

ವಿಮೆಯ ಬಗ್ಗೆ ಯಾರೂ ಹೇಳಲಿಲ್ಲ. ಅಮೆರಿಕದಲ್ಲಿ ನೆಲೆಸಿರುವವರು ಪ್ರವಾಸ ವಿಮೆ ಮಾಡಿಸುವಾಗ ಮೊದಲೇ ಇರುವ ಕಾಯಿಲೆಗಳಿಗೂ ರಕ್ಷಣೆ ಬೇಕೆಂದರೆ ಮೊದಲ ಮುಂಗಡ ಕಟ್ಟಿದ ದಿನದಿಂದ ಸಾಮಾನ್ಯವಾಗಿ 14ರಿಂದ 21 ದಿನದೊಳಗೆ ವಿಮೆ ಕೊಳ್ಳಬೇಕು. ಹಡಗಿನಲ್ಲಿ ಕಾರ್ಡ್ ಉಜ್ಜಿದ ಕ್ಷಣದಿಂದ ಆ ದಿನಗಳ ಎಣಿಕೆ ಶುರುವಾಗುತ್ತದೆ. ಪ್ರವಾಸ ಹೇಗೂ ಮುಂದಿನ ವರ್ಷವಲ್ಲವೇ ಎಂದು ಬಿಟ್ಟವರಿಗೆ ಆ ರಕ್ಷಣೆ ತಪ್ಪಿಹೋಗುತ್ತದೆ. ಭಾರತದಿಂದ ಬರುವ ಹಿರಿಯರಿಗೆ ಈ ಪಾಲಿಸಿಗಳು ಸಾಮಾನ್ಯವಾಗಿ ಸಿಗುವುದಿಲ್ಲ, ಅವರದನ್ನು ಬೇರೆಯಾಗಿ ನೋಡಬೇಕು. ಹಡಗಿನ ವೈದ್ಯರ ಬಿಲ್ ನೇರವಾಗಿ ನಿಮ್ಮ ಕ್ಯಾಬಿನ್ ಖಾತೆಗೆ ಬೀಳುತ್ತದೆ.

ಸೋಮಾರಿಕಟ್ಟೆ

ಇಷ್ಟೆಲ್ಲ ಓದಿದ ಮೇಲೂ ಯಾರಿಗಾದರೂ ಕೌಂಟರಿಗೆ ಹೋಗುವ ಧೈರ್ಯವಿದ್ದರೆ ಅವರಿಗೆ ನನ್ನ ನಮಸ್ಕಾರ. ಆದರೂ ಒಂದು ಮಾತು ಒಪ್ಪುತ್ತೇನೆ: ಹಣ ಪೂರ್ತಿ ವಾಪಸ್ ಬರುವ ಮುಂಗಡವಾದರೆ, ಮತ್ತು ಕೊನೆಯ ದಿನಾಂಕವನ್ನು ನೆನಪಿಟ್ಟುಕೊಳ್ಳುವ ಶಿಸ್ತು ನಿಮಗಿದ್ದರೆ, ನನ್ನ ಕುಲಾವಿಯ ಗಾದೆ ಅಷ್ಟಾಗಿ ಹೊಂದುವುದಿಲ್ಲ. ಕುಲಾವಿಯನ್ನು ಅಂಗಡಿಯವನು ವಾಪಸ್ ತೆಗೆದುಕೊಳ್ಳುತ್ತಾನೆ ಎಂದಾಯಿತು.

ಹೇಮಾವತಿತೀರ

ಗ್ಯಾಲ್ವೆಸ್ಟನ್ ತಲುಪಲು ಇನ್ನೊಂದು ರಾತ್ರಿಯಿದೆ. ಎಲ್ಲರಿಗೂ ಏನಾಯಿತೆಂದು ತಿಳಿಸಬೇಕೆನಿಸಿತು.

ನಿನ್ನೆ ರಾತ್ರಿ ಹನ್ನೊಂದೂವರೆಗೆ ಅಪ್ಪನನ್ನೂ ಕರೆದುಕೊಂಡು ಎಂಟನೆಯ ಡೆಕ್ಕಿನ ಓಣಿಗೆ ಹೋದೆ. ಅಲಾಸ್ಕಾದ ಹಡಗು ಇದರದೇ ವರ್ಗದ್ದು. ಆಕೆ ಸೂಚಿಸಿದ್ದ ಕ್ಯಾಬಿನ್ ತೀರಾ ಹಿಂಭಾಗದಲ್ಲಿತ್ತು, ಲಿಫ್ಟ್‌ನಿಂದ 140 ಹೆಜ್ಜೆ. ಅಪ್ಪ ನೂರಕ್ಕೆ ನಿಂತು, “ಇದೇನಪ್ಪ, ನಮ್ಮೂರಿನ ಬಸ್‌ಸ್ಟ್ಯಾಂಡಿನಿಂದ ಮನೆಗೆ ಇಷ್ಟು ದೂರ ಇಲ್ಲವಲ್ಲ,” ಎಂದರು. ಅಮ್ಮನ ಮಂಡಿಯನ್ನು ನೆನೆದು ಅಲ್ಲಿಂದಲೇ ಹಿಂದಿರುಗಿದೆವು. ಬೆಳಿಗ್ಗೆ ಹೋಗಿ ನಡುಭಾಗದ ಲಿಫ್ಟ್ ಹತ್ತಿರದ ಅಕ್ಕಪಕ್ಕದ ಎರಡು ಕ್ಯಾಬಿನ್‌ಗಳನ್ನು ಕೇಳಿದೆ. 180 ಡಾಲರ್ ಹೆಚ್ಚಾಯಿತು, ಅಂದರೆ ಅವರು ಕೊಟ್ಟ 200 ಡಾಲರ್ ಕ್ರೆಡಿಟ್ ಬಹುಮಟ್ಟಿಗೆ ಅಲ್ಲಿಗೆ ಸಂದಾಯವಾಯಿತು. ಮರಳಿ ಸಿಗುವ ಮುಂಗಡದ ದರವನ್ನೇ ತೆಗೆದುಕೊಂಡೆ. ನಮ್ಮ ಏಜೆಂಟರ ಹೆಸರನ್ನು ಬರೆಸಿ, ರಸೀದಿಯಲ್ಲಿ ಮೂಡಿದೆಯೇ ಎಂದು ಅಲ್ಲೇ ಓದಿ ನೋಡಿದೆ. ಬಾಕಿ ಕಟ್ಟುವ ಕೊನೆಯ ದಿನಕ್ಕೆ ಎರಡು ವಾರ ಮೊದಲು ಎಚ್ಚರಿಸುವಂತೆ ನನ್ನ ಮತ್ತು ಮಡದಿಯ ಫೋನುಗಳೆರಡರಲ್ಲೂ ಗುರುತು ಹಾಕಿದ್ದೇವೆ. ಆ ಹೊತ್ತಿಗೆ ನಾಲ್ವರು ದೊಡ್ಡವರ ಪಾಸ್‌ಪೋರ್ಟಿನಲ್ಲೂ ಕೆನಡಾ ವೀಸಾ ಇರದಿದ್ದರೆ ರದ್ದು. ಮಗಳು ಇಲ್ಲೇ ಹುಟ್ಟಿದವಳು, ಅವಳಿಗೆ ಆ ಚಿಂತೆಯಿಲ್ಲ.

ನನ್ನ ಮುದ್ರೆಯ ವಿಚಾರವಾಗಿ ಕಚೇರಿಯ ವಕೀಲರಿಗೆ ಸೋಮವಾರ ಬರೆಯುತ್ತೇನೆ. ಈಗ ಉಳಿದ ಪ್ರಶ್ನೆ ಒಂದೇ: ಅಪ್ಪ ಅಮ್ಮ ಬರುವ ತಿಂಗಳು ಊರಿಗೆ ಮರಳುತ್ತಾರೆ. ಅವರ ಕೆನಡಾ ಅರ್ಜಿಯನ್ನು ಇಲ್ಲಿಂದಲೇ ಹಾಕುವುದು ಒಳ್ಳೆಯದೋ, ಅಥವಾ ಊರಿಗೆ ಹೋದ ಮೇಲೋ?

ಶರಾವತಿ_ಸಿಯಾಟಲ್

ಊರಿಗೆ ಹೋದ ಮೇಲೆಯೇ ಹಾಕಿಸಿ. ಪಾಸ್‌ಪೋರ್ಟನ್ನು ವೀಸಾ ಅಂಟಿಸಲು ಕಳುಹಿಸಬೇಕಾಗುವುದರಿಂದ ಮರಳುವ ವಿಮಾನದ ದಿನಾಂಕಕ್ಕೆ ಅದು ಕೈಯಲ್ಲಿಲ್ಲದಂತಾಗುವುದು ಬೇಡ. ಅರ್ಜಿಯನ್ನು ನೀವೇ ಇಲ್ಲಿಂದ ಆನ್‌ಲೈನ್‌ನಲ್ಲಿ ತುಂಬಬಹುದು, ಬೆರಳಚ್ಚು ಮತ್ತು ಭಾವಚಿತ್ರಕ್ಕೆ ಅವರು ಬೆಂಗಳೂರಿನ ಕೇಂದ್ರಕ್ಕೆ ಒಮ್ಮೆ ಹೋಗಿಬಂದರಾಯಿತು. ಒಮ್ಮೆ ಕೊಟ್ಟ ಬೆರಳಚ್ಚು 10 ವರ್ಷ ನಡೆಯುತ್ತದೆ. ನೀವಿಬ್ಬರೂ ಬೆರಳಚ್ಚನ್ನು ಅಮೆರಿಕದಲ್ಲಿ ನೀವಿರುವ ಊರಿನ ಆಸುಪಾಸಿನಲ್ಲೇ, ಗ್ರೀನ್ ಕಾರ್ಡ್ ಅರ್ಜಿದಾರರು ಹೋಗುವ ಅದೇ ಸರ್ಕಾರಿ ಕಚೇರಿಯಲ್ಲಿ ಕೊಡಬಹುದು. ಹಾಸನದಿಂದ ಬೆಂಗಳೂರಿಗೆ ಬೆಳಗಿನ ರೈಲಿಗೆ ಹೊರಡುವುದಾದರೆ ಮಧ್ಯಾಹ್ನದ ಸಮಯವನ್ನು ಗೊತ್ತುಮಾಡಿಸಿ, ಹಿರಿಯರಿಗೆ ಓಡಾಟದ ಆತುರ ಬೇಡ.